ಕಿಟಕಿಯೊಳಗೆ ಹಾಕಿದ ಪುಸ್ತಕ, ನೀವು ಕೂತ ಸೀಟು

ನಮ್ಮ ಕಾಲೇಜಿನ ಗ್ರಂಥಾಲಯಾಧಿಕಾರಿಗಳಿಗೆ,

ಪುಸ್ತಕ ಎತ್ತಿಕೊಂಡು ಅದರ ಜಾಗದಲ್ಲಿ ತಾವೇ ಕೂತ ಮಾನ್ಯರೇ,

ಕಳೆದ ಸೋಮವಾರ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ, ಕಾಲೇಜಿಗೆ ಹೋಗುವ ಹುಮನಾಬಾದ್ ಬಸ್ಸಿನೊಳಗೆ ನೀವು ಕಿತ್ತುಕೊಂಡ ಕಾದಂಬರಿಯನ್ನು ವಾಪಸು ಕೊಡಿ. ಇದನ್ನೇ ಅರ್ಜಿಯಾಗಿ ಬರೆದು ನಿಮ್ಮ ಟೇಬಲ್ಲಿನ ಮೇಲೆ ಇಟ್ಟಿದ್ದೆ. ಅದರ ಮೇಲೆ ನೀವು ಚಹಾದ ಕಪ್ಪು ಇಟ್ಟಿರಿ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಫಸ್ಟ್ ಇಯರಿನವಳು ನಾನು, ನಿಮ್ಮ ಮೇಲೆ ಬರೆಯಲು ಹೆದರಿಕೆಯಿದೆ. ಆದರೆ ಸಿಟ್ಟು ಇನ್ನೂ ಜಾಸ್ತಿ ಇದೆ.

ಪ್ರಯಾಣಕ್ಕೆ ಪುಸ್ತಕ ಆರಿಸುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತೇ? ಒಂದೇ ಕೈಯಲ್ಲಿ ಹಿಡಿಯಲು ಬರಬೇಕು, ಇನ್ನೊಂದು ಕೈ ಕಂಬಿಗೆ ಬೇಕಲ್ಲ. ಬಸ್ಸು ಕುಲುಕಿದರೂ ಅಕ್ಷರ ಕಾಣಬೇಕು. ದಾರಿಯ ಸಸ್ತಾಪುರ ಬಂಗ್ಲಾ ಸ್ಟಾಪು ದಾಟುವುದರೊಳಗೆ ಕಥೆ ಎಲ್ಲಿಗಾದರೂ ಮುಟ್ಟಿರಬೇಕು. ನಾನು ಹತ್ತು ವರ್ಷ ಹಾಸ್ಟೆಲ್ಲಿನಲ್ಲಿದ್ದು ಇಂಗ್ಲಿಷಿನಲ್ಲೇ ಓದಿದವಳು. ಒಬ್ಬಳೇ ಇದ್ದರೆ ಯಾವುದೋ ಇಂಗ್ಲಿಷ್ ಪೇಪರ್‌ಬ್ಯಾಕ್ ಸಾಕಿತ್ತು. ಆದರೆ ಪಕ್ಕದಲ್ಲಿ ದಿನಾ ಇದೇ ಬಸ್ಸಿಗೆ ಬರುವ ಜಿಜಾಬಾಯಿ ಮೌಶಿ ಕೂರುತ್ತಾರೆ; ಮೌಶಿ ಅಂದರೆ ಚಿಕ್ಕಮ್ಮ, ನಾನು ಕರೆಯುವುದು ಹಾಗೆ. ಹುಮನಾಬಾದಿನ ಒಂದು ಶಾಲೆಯಲ್ಲಿ ಅಡುಗೆ ಮಾಡುವವರು, ಓದಲು ಬಾರದು. ಅವರಿಗಾಗಿ ಕನ್ನಡದ್ದನ್ನು ಹುಡುಕುತ್ತೇನೆ, ಮೆಲ್ಲಗೆ ಓದಿ ಹೇಳುತ್ತೇನೆ. ನನ್ನ ಉಚ್ಚಾರ ತಿದ್ದುವವರು ಅವರೇ. "ಯವ್ವಾ, ಬಾಯಾಗ ಬಿಸಿ ಆಲೂಗಡ್ಡಿ ಇಟ್ಕೊಂಡಂಗ ಓದ್ತಿಯಲ್ಲ" ಅನ್ನುತ್ತಾರೆ. ಅವರದು ಒಂದೇ ಷರತ್ತು: "ಬೆಳಿಗ್ಗೆ ಯಾರೂ ಸಾಯ್ಬಾರ್ದು ನೋಡು. ಅತ್ಕೊಂತ ಹೋಗಿ ಸಾರು ಮಾಡಿದ್ರ ಉಪ್ಪು ಹೆಚ್ಚಾಗ್ತದ." ಇಂಥ ಪುಸ್ತಕ ಹುಡುಕಲು ನಿಮ್ಮ ಕಪಾಟುಗಳ ನಡುವೆ ಮೂರು ದಿನ ಅಲೆದಿದ್ದೆ.

ಅವತ್ತು ಬಸ್ಸಿಗೆ ವಿಪರೀತ ನೂಕುನುಗ್ಗಲು. ಮೌಶಿಗೆ ಮೊಣಕಾಲು ನೋವು. ಕಿಟಕಿಯಿಂದ ಟವೆಲ್ಲು, ಟಿಫಿನ್ ಚೀಲ ಹಾಕಿ ಸೀಟು ಹಿಡಿಯುವುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನನ್ನ ಕೈಯಲ್ಲಿ ಪುಸ್ತಕವಿತ್ತು, ಅದನ್ನೇ ಹಾಕಿದೆ. ತಪ್ಪು, ಒಪ್ಪುತ್ತೇನೆ. ಮುಂದಿನ ಬಾಗಿಲಿನಿಂದ ಹತ್ತಿದ ನೀವು ಅದನ್ನೆತ್ತಿ, ಕಾಲೇಜಿನ ಸೀಲು ನೋಡಿ, ಬ್ಯಾಗಿಗೆ ಸೇರಿಸಿ, ಅಲ್ಲೇ ಕೂತು ನನಗೆ ಹೇಳಿದಿರಿ:

"ಲೈಬ್ರರಿ ಬುಕ್ಕಂದ್ರ ಕರ್ಚೀಫ್ ಮಾಡ್ಕೊಂಡಿಯೇನು? ಪ್ರಯಾಣದಾಗ ಓದಾಕ ಕಾಂಪಿಟೇಟಿವ್ ಎಕ್ಸಾಮಿನ ಗೈಡ್ ಅವ, ಅದು ಒಯ್ಯಿ. ಕಥಿ ಗಿಥಿ ಯಾಕ ಬೇಕು?"

"ಅಲ್ರಿ ಸಾಹೇಬ್ರ, ಪುಸ್ತಕ ಇಟ್ಟದ್ದು ತಪ್ಪಂದ್ರ ಆ ಸೀಟು ನಿಮ್ದು ಹ್ಯಾಂಗಾತ್ರಿ?" ಎಂದು ಮೌಶಿ ಕೇಳಿದರು.

ನೀವು ಕಣ್ಣು ಮುಚ್ಚಿದಿರಿ. ಅರವತ್ತು ವರ್ಷದ ಹೆಂಗಸು ಹುಮನಾಬಾದಿನವರೆಗೆ ನಿಮ್ಮ ಭುಜದ ಪಕ್ಕದಲ್ಲೇ ನಿಂತು ಬಂದರು. ಗ್ರಂಥಾಲಯದ ಆಸ್ತಿಯನ್ನು ಕಾಪಾಡುವ ಕೆಲಸ ಅಷ್ಟೊಂದು ನಿದ್ದೆ ತರುತ್ತದೆಯೇ, ಮಾನ್ಯರೇ?

ಮರುದಿನ ಆದೇಶ ಬಂತು: "ಗ್ರಂಥಾಲಯದ ಆಸ್ತಿಯನ್ನು ಆಸನ ಕಾಯ್ದಿರಿಸುವ ಉದ್ದೇಶಕ್ಕೆ ದುರ್ಬಳಕೆ ಮಾಡಿದ ಕಾರಣ ಸದರಿ ವಿದ್ಯಾರ್ಥಿನಿಯ ಕಾರ್ಡನ್ನು ಸೆಮಿಸ್ಟರ್ ಅಂತ್ಯದವರೆಗೆ ತಡೆಹಿಡಿಯಲಾಗಿದೆ." ಸೆಮಿಸ್ಟರ್ ಮುಗಿಯಲು ಮೂರು ತಿಂಗಳಿದೆ. ಅರವತ್ತು ತುಂಬಿದ್ದರಿಂದ ಮೌಶಿಯ ಕೆಲಸ ಈ ತಿಂಗಳ ಕೊನೆಗೇ ಮುಗಿಯುತ್ತದೆ, ಆಮೇಲೆ ಅವರು ಈ ಬಸ್ಸು ಹತ್ತುವುದಿಲ್ಲ. ಕಥೆಯಲ್ಲಿ ಗಂಡನ ಮನೆ ಬಿಟ್ಟು ಹೊರಟವಳು ಇನ್ನೂ ನದಿಯ ಈ ದಡದಲ್ಲೇ ನಿಂತಿದ್ದಾಳೆ. "ದಾಟಿದ್ಲೇನು?" ಎಂದು ಮೌಶಿ ದಿನಾ ಕೇಳುತ್ತಾರೆ. ಪುಸ್ತಕ ನಿಮ್ಮ ಬೀರುವಿನಲ್ಲಿ ಇರುವಾಗ ನಾನು ಏನು ಹೇಳಲಿ?

ಓದಲು ನನ್ನ ಬಳಿ ಉಳಿದದ್ದು ನಿಮ್ಮ ಆದೇಶವೊಂದೇ. ಆದ್ದರಿಂದ ಈಗ ಬಸ್ಸಿನಲ್ಲಿ ಅದನ್ನೇ ಓದುತ್ತಿದ್ದೇನೆ, ಗಟ್ಟಿಯಾಗಿ. ಅದೂ ಒಂದೇ ಕೈಯಲ್ಲಿ ಹಿಡಿಯಲು ಬರುತ್ತದೆ, ಯಾರೂ ಸಾಯುವುದಿಲ್ಲ. ಕಂಡಕ್ಟರ್ ಸೂರ್ಯಕಾಂತ ಅವರು "ಆ ಆಸನ ಕಾಯ್ದಿರಿಸುವಂಥದ್ದು ಇನ್ನೊಮ್ಮೆ ಓದ್ರಿ" ಎಂದು ಕೇಳಿ ಓದಿಸುತ್ತಾರೆ. ಹಿಂದಿನ ಸೀಟಿನವರು ನಿಮ್ಮ ಹುದ್ದೆ ಕೇಳಿದರು. ಹೇಳಿದೆ. ಯಾವ ಸೀಟು ಎಂದು ಕೇಳಿದರು. ಅದನ್ನೂ ತೋರಿಸಿದೆ.

ನನ್ನ ಬೇಡಿಕೆ ಇಷ್ಟೇ: ಬರುವ ಸೋಮವಾರದೊಳಗೆ ಪುಸ್ತಕ ಮೌಶಿಯ ಕೈಗೆ ಬರಬೇಕು, ನೀವೇ ತಂದು ಕೊಡಬೇಕು. ಕಾರ್ಡನ್ನು ನೀವು ಬೇಕಾದರೆ ಇಟ್ಟುಕೊಳ್ಳಿ. ನೀವು ಈಗ ನಮ್ಮ ಬಸ್ಸು ಬಿಟ್ಟು ಏಳೂವರೆಯದಕ್ಕೆ ಹೋಗುತ್ತೀರೆಂದು ತಿಳಿಯಿತು. ಸೋಮವಾರ ಪುಸ್ತಕ ಬಾರದಿದ್ದರೆ ಮಂಗಳವಾರದಿಂದ ಮೌಶಿ ಮತ್ತು ನಾನು ಏಳೂವರೆಯ ಬಸ್ಸಿಗೇ ಬರುತ್ತೇವೆ.

ಇಂತಿ,
ನಿಮ್ಮ ಆದೇಶವನ್ನು ಬಾಯಿಪಾಠ ಮಾಡಿಕೊಂಡಿರುವ
ಮೇಘಾ, ಬಿ.ಎ. ಮೊದಲ ವರ್ಷ