ನಿಶ್ಶಬ್ದ ಅಳೆದು ಹೋದ ಸಾಹೇಬರಿಗೆ

ಕಾರ್ಖಾನೆಗಳ ತಪಾಸಣಾಧಿಕಾರಿಗಳಾದ ಮಾನ್ಯರೇ,

ನಮ್ಮ ತಗಡಿನ ಡಬ್ಬಿ ಕಾರ್ಖಾನೆಯಲ್ಲಿ ಕಿವಿಗೆ ತೊಂದರೆಯಾಗುವಂಥ ಶಬ್ದವೇ ಇಲ್ಲವೆಂದು ತಾವು ಬರೆದುಕೊಟ್ಟು ಹೋಗಿದ್ದೀರಿ. ಆ ವರದಿಯನ್ನು ಬಾಗಿಲಿಗೆ ಅಂಟಿಸಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನಗೆ ಮೈಯೆಲ್ಲ ಉರಿಯಿತು. ತಮ್ಮ ಕಚೇರಿಗೆ ಬರೆದರೆ ಅದೂ ನಿಶ್ಶಬ್ದವಾಗಿ ಮೂಲೆಯಲ್ಲಿ ಬಿದ್ದಿರುತ್ತದೆಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ತಪ್ಪು ತಮ್ಮದೊಂದೇ ಅಲ್ಲ, ಒಪ್ಪುತ್ತೇನೆ. ದೊಡ್ಡವರು ಬಂದರೆ ಯಂತ್ರ ನಿಲ್ಲಿಸಿ ಎದ್ದು ನಿಲ್ಲುವುದು ನಮ್ಮಲ್ಲಿ ಮರ್ಯಾದೆ. ತಾವು ಬಾಗಿಲಿಗೆ ಬಂದಿರಿ, ಮೇಸ್ತ್ರಿ ಕೈ ಎತ್ತಿದ, ತಗಡು ಒತ್ತುವ ಪ್ರೆಸ್ಸುಗಳೆಲ್ಲ ಗಪ್‌ಚುಪ್. ಆ ಮೌನದಲ್ಲಿ ತಾವು ಶಬ್ದಮಾಪಕವನ್ನು ಮೇಲೆತ್ತಿ ಹಿಡಿದು ತಲೆದೂಗಿದಿರಿ. ಏನು ಅಳೆದಿರಿ ಸ್ವಾಮಿ? ಗೋಡೆ ಗಡಿಯಾರವನ್ನೇ? ಮೇಸ್ತ್ರಿಯ ಕೆಮ್ಮನ್ನೇ? ಊಟ ಹೇಗಿದೆಯೆಂದು ನೋಡಲು ಬಂದವರು ತೊಳೆದಿಟ್ಟ ತಟ್ಟೆಯ ರುಚಿ ನೋಡಿ ಹೋದ ಹಾಗಾಯಿತು. ಅಂದು ನಮ್ಮ ಕತ್ತಿನಲ್ಲಿ ತೂಗಾಡುತ್ತಿದ್ದ ಹೊಸ ಕಿವಿಕವಚಗಳನ್ನು ಬೇರೆ ಮೆಚ್ಚಿದಿರಿ! ತಮ್ಮ ಕಾರು ತಿರುವು ದಾಟುವ ಮೊದಲೇ ಅವು ಕಪಾಟು ಸೇರಿದವು. "ಕೊಳೆಯಾಗ್ತವೆ ಕಣಮ್ಮ, ಮುಂದಿನ ಸಲ ಸಾಹೇಬರು ಬಂದಾಗ ಬೇಕಲ್ಲ" ಎಂದು ಮೇಸ್ತ್ರಿ ಬೀಗ ಜಡಿದ.

ಪ್ರೆಸ್ಸಿನ ಮುಂದೆಯೇ ಕೂದಲು ಬೆಳ್ಳಗಾದವಳು ನಾನು. ಗಂಡನ ಹತ್ತಿರ ಗುಟ್ಟು ಹೇಳಿದರೆ ಎದುರುಮನೆಯವರು ಸಲಹೆ ಕೊಡುತ್ತಾರೆ. ನಾನು ಟೀವಿ ಹಾಕಿದರೆ ಬೆಕ್ಕು ಮನೆ ಬಿಟ್ಟು ಓಡುತ್ತದೆ. ಇದಕ್ಕೆಲ್ಲ ನಾವೇ ನಗುತ್ತೇವೆ, ಹೋಗಲಿ ಬಿಡಿ. ಆದರೆ ಮೊನ್ನೆ ಎದುರುಮನೆಯಾಕೆ, "ನಿಮ್ಮ ಮಗಳು ಬಟ್ಟೆ ಒಗೀತಾ ಎಷ್ಟು ಚೆನ್ನಾಗಿ ಗುನುಗ್ತಾಳ್ರೀ" ಎಂದರು. ದಿನವೂ ಅವಳ ಪಕ್ಕದಲ್ಲೇ ಕೂತು ಬಟ್ಟೆ ಹಿಂಡುವವಳು ನಾನು!

"ಹೌದೇನೇ, ನೀನು ಹಾಡ್ತೀಯಾ?" ಎಂದು ಮಗಳನ್ನೇ ಕೇಳಿದೆ.

"ಚಿಕ್ಕವಳಿದ್ದಾಗಿಂದ ಹಾಡ್ತೀನಲ್ಲಮ್ಮ. ನೀನು ಏನೂ ಅನ್ನಲ್ಲ, ನಿಂಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ."

ಬರುವ ಸೋಮವಾರದಿಂದ ಆ ಮಗಳೂ ನನ್ನ ಪಕ್ಕದ ಪ್ರೆಸ್ಸಿಗೆ ಬರುತ್ತಾಳೆ. ಬೇಡ ಕಣೇ ಎಂದರೆ, ಆ ವಿಷಯದಲ್ಲಿ ಅವಳು ನನಗಿಂತ ಕಿವುಡಿ.

ಆದ್ದರಿಂದ ಹೇಳದೆ ಕೇಳದೆ ಇನ್ನೊಮ್ಮೆ ದಯಮಾಡಿಸಿ. ಯಂತ್ರ ಓಡುವಾಗಲೇ ಅಳೆಯಿರಿ. ಸದ್ದು ತಗ್ಗುವಂತೆ ಪ್ರೆಸ್ಸುಗಳ ಅಡಿಗೆ ದಪ್ಪ ರಬ್ಬರ್ ಹಾಕಿಸಿ. ಕಪಾಟಿನ ಬೀಗ ತೆಗೆಸಿ ಕವಚಗಳನ್ನು ನಮ್ಮ ಕಿವಿಯ ಮೇಲೆ ಕೂರಿಸಿಯೇ ಹೋಗಿ. ಮೊದಲನೆಯದು ನನ್ನ ಮಗಳಿಗೆ. ಈ ಸಲ ನಾವು ಯಂತ್ರ ನಿಲ್ಲಿಸುವುದಿಲ್ಲ, ಅಗೌರವವೆಂದು ತಿಳಿಯಬೇಡಿ. ನನ್ನನ್ನು ಕೂಗಿ ಗಂಟಲು ನೋಯಿಸಿಕೊಳ್ಳಬೇಡಿ, ಎದುರಿಗೆ ಬಂದು ಕೈಬೀಸಿ ಸಾಕು. ಹೊರಗೆ ಅಂಗಳದಲ್ಲಿ ನನ್ನ ಮಗಳನ್ನು ಮಾತ್ರ ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದು ನೋಡಿ. ಅವಳು ತಿರುಗುತ್ತಾಳೆ. ತಾವು ನಿವೃತ್ತರಾಗುವ ದಿನ ಕರೆದರೂ ತಿರುಗಬೇಕು.

ಇಂತಿ,
ಮಗಳು ಹಾಡುತ್ತಾಳೆಂದು ಎದುರುಮನೆಯವರಿಂದ ತಿಳಿದ
ಪ್ರೆಸ್ಸಿನ ಹೆಂಗಸು