ಗದ್ದ ಎತ್ತದೆ ಹಾಡುವುದು

ಅಂಗಡಿಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಇವಳೇ,

ಅತ್ತೆಯವರು ಈಗ ಗೋಡೆ ಹಿಡಿಯದೆ ನಡೆಯುತ್ತಿದ್ದಾರೆಯೇ? ಅವರ ಸೊಂಟ ನೋಡಿಕೊಳ್ಳುವ ಭರದಲ್ಲಿ ನಿನ್ನ ಸೊಂಟ ಮುರಿದುಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ಮಗಳು ಮಾತ್ರ ನನಗೆ ತಲೆ ಕೆಟ್ಟಿದೆ ಎನ್ನುತ್ತಾಳೆ. ಅದಕ್ಕೆ ಕಾರಣವಿದೆ, ಕೇಳು.

ನೀನು ಹೋದ ಮೇಲೆ ನಮ್ಮ ಬೀದಿಯ ಹಾಡಿನ ಗುಂಪಿನಲ್ಲಿ ನೀನು ಹಾಡುತ್ತಿದ್ದ ಸಾಲುಗಳನ್ನು ನನ್ನ ತಲೆಗೆ ಕಟ್ಟಿದರು. ಮೇಲಿನ ಸ್ವರ ಮುಟ್ಟಲು ಹೋಗಿ ನನ್ನ ಗಂಟಲು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿತು. ಗುಂಪಿನಲ್ಲಿದ್ದ ಟೈಲರ್ ನಗು ತಡೆಯಲಾರದೆ ಎದ್ದು ಹೊರಗೆ ಹೋದ. ಮರುದಿನ ಗಡ್ಡ ಮಾಡಿಸಲು ಬಂದ ಸಂಗೀತದ ಮೇಷ್ಟ್ರಿಗೆ ಇದನ್ನು ಹೇಳಿದೆ. ಮುಖದ ತುಂಬ ನೊರೆ ಇದ್ದರೂ ಅವರು, "ಮೇಲಿನ ಸ್ವರ ಅಂದ್ರೆ ಅಟ್ಟದ ಮೇಲಿನ ಡಬ್ಬಾನಾ, ಕತ್ತು ಚಾಚಿ ತೆಗಿಯೋಕೆ? ಕನ್ನಡಿ ಮುಂದೆ ಹಾಡಿ ನೋಡ್ಕೊಳ್ಳಿ" ಎಂದರು.

ನೋಡಿಕೊಂಡೆ. ಇಪ್ಪತ್ತೆರಡು ವರ್ಷದಿಂದ ಬಂದವರಿಗೆಲ್ಲ "ಗದ್ದ ಇಳಿಸಿ, ಕತ್ತು ಸಡಿಲ ಬಿಡಿ" ಎನ್ನುವ ನಾನು, ಸ್ವರ ಏರಿದಂತೆ ಗದ್ದವನ್ನು ಸೂರಿಗೆ ಎತ್ತುತ್ತಿದ್ದೆ. ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದವು. ಅಂಥ ಕತ್ತಿನ ಮೇಲೆ ನಾನಾದರೆ ಕತ್ತಿ ಇಡುತ್ತಿರಲಿಲ್ಲ.

ಅಂದಿನಿಂದ ದಿನಾ ಅಂಗಡಿ ತೆರೆಯುವ ಮುಂಚೆ ಇಪ್ಪತ್ತು ನಿಮಿಷ ಸಾಧನೆ. ಮೊದಲು ತುಟಿ ಸಡಿಲ ಬಿಟ್ಟು ಕುದುರೆಯಂತೆ ಬುರ್ರೆನ್ನುತ್ತಾ ಸ್ವರ ಏರಿಸಿ ಇಳಿಸುವುದು. ಆಮೇಲೆ ಲೋಟದ ನೀರಿಗೆ ಸ್ಟ್ರಾ ಇಟ್ಟು, ಗುಳುಗುಳು ಊದುತ್ತಾ ಅದೇ ಹಾಡು. ವಿಚಿತ್ರ ಕೇಳು, ಜೋರಾಗಿ ಊದಿದರೆ ನೀರು ಅಂಗಿಗೆ, ಸ್ವರ ಎಲ್ಲಿಗೋ. ಗುಳ್ಳೆಗಳು ಸಣ್ಣಗೆ ಒಂದೇ ಸಮ ಬಂದರೆ ಸ್ವರ ತಾನಾಗಿ ಮೇಲೇರುತ್ತದೆ. ನೋವಾದರೆ ಅಲ್ಲಿಗೇ ನಿಲ್ಲಿಸಬೇಕೆಂದು ಮೇಷ್ಟ್ರ ಕಟ್ಟಪ್ಪಣೆ. ಒಳಗೆ ಏನು ನಡೆಯುತ್ತದೆ ಎಂದು ಕೇಳಿದರೆ, "ಗಂಟಲೊಳಗೆ ತೆಳು ಪೊರೆಯ ಎರಡು ಪುಟ್ಟ ಮಡಿಕೆ ಇರ್ತವೆ. ಎಳೆದಷ್ಟೂ ತೆಳ್ಳಗಾಗ್ತವೆ, ಸ್ವರ ಮೇಲೆ ಹೋಗುತ್ತೆ. ನೀವು ಉಸಿರಿನಿಂದ ಗುದ್ದದೇ ಇದ್ರೆ ಸಾಕು" ಎಂದರು. ಐವತ್ತು ವರ್ಷ ಜೊತೆಗಿದ್ದ ಗಂಟಲಿನ ಪರಿಚಯ ನನಗೆ ಈಗ ಆಗುತ್ತಿದೆ.

ಆರು ವಾರ ಕಳೆದು, ಮೊನ್ನೆ ಭಾನುವಾರ ಗುಂಪಿನೆದುರು ಆ ಸ್ವರ ಬಂತು. ದೊಡ್ಡದಾಗೇನೂ ಅಲ್ಲ; ಸಣ್ಣಗೆ, ಆದರೆ ಒಡೆಯದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೇಳಲು ಬಂದಿದ್ದ ಮೇಷ್ಟ್ರು ಮಾತ್ರ, "ಇಷ್ಟು ಮೇಲೆ ಶ್ರುತಿ ಇಟ್ಟೋರು ಯಾರು?" ಎಂದರು. ನಾನು ಮಾತು ತೇಲಿಸಿಬಿಟ್ಟೆ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ,
ಇವರು

ವಿ.ಸೂ.: ಗಿರಾಕಿ ಬಂದು ಕೂತಿದ್ದಾರೆ, ಬೇಗ ಬರೆದುಬಿಡುತ್ತೇನೆ. ಆ ಶ್ರುತಿ ಇಟ್ಟವನು ನಾನೇ. ನಾನು ಹಾಡುವ ಕೆಳಗಿನ ಸ್ವರದ ಸಾಲುಗಳಲ್ಲಿ ನನ್ನ ದನಿ ಹೂತುಹೋಗದಿರಲೆಂದು, ಹೋದ ಕಾರ್ಯಕ್ರಮಕ್ಕೆ ಯಾರಿಗೂ ಹೇಳದೆ ಶ್ರುತಿಪೆಟ್ಟಿಗೆಯಲ್ಲಿ ಎರಡು ಮನೆ ಮೇಲಕ್ಕೆ ಏರಿಸಿದ್ದೆ. ಅಂದು ನಿನ್ನ ದನಿ ಒಡೆದಾಗ "ವಯಸ್ಸಾಯ್ತು ಬಿಡಿ ಇವಳಿಗೆ" ಎಂದು ಎಲ್ಲರೆದುರು ನಕ್ಕವನೂ ನಾನೇ. ಆಮೇಲೆ ಊರಿಗೆ ಹೊರಡುವವರೆಗೂ ನೀನು ಅಡುಗೆಮನೆಯಲ್ಲೂ ಗುನುಗಲಿಲ್ಲ. ನಿನ್ನೆ ಗುಂಪಿನವರಿಗೆಲ್ಲ ನಿಜ ಹೇಳಿದೆ. ಶ್ರುತಿ ಇಳಿಸಿದ್ದೇವೆ. ನಿನ್ನ ಸಾಲುಗಳನ್ನು ನಾನಿನ್ನು ಹಾಡುವುದಿಲ್ಲ, ಅವು ಖಾಲಿ ಇವೆ. ಬಂದ ಮೇಲೆ ಮೊದಲು ಬೈದುಬಿಡು, ಆಮೇಲೆ ಹಾಡು.