ಅಳಿಸಿದ ವಿಡಿಯೊದ ಹೆಸರು

ಮಾರ್ಚ್ 3, ಬೆಳಿಗ್ಗೆ

ಫ್ರಿಜ್ ಮೇಲಿನ ಹಳೇ ಲ್ಯಾಪ್‌ಟಾಪ್ ಮತ್ತೆ ಬಿಸಿ. ಕೆಳಗೆ ಬಾಟಲಿ ಮುಚ್ಚಳ ಇಟ್ಟು ಎತ್ತರಿಸಿದೆ. ನನ್ನ ಫೀಡ್ ರೀಡರ್ ಓಡುವುದು ಅದರಲ್ಲೇ — ನಾನು ಸೇರಿಸಿದ ಚಾನೆಲ್‌ಗಳಲ್ಲಿ ಹೊಸ ವಿಡಿಯೊ ಬಂದರೆ ಹೆಸರು ತಂದು ಸಾಲಾಗಿ ಇಡುತ್ತದೆ, ಅಷ್ಟೆ. ವಿಡಿಯೊ ಆ್ಯಪ್‌ನ ಸಹವಾಸ ಸಾಕಾಗಿತ್ತು. ಮೇಣದಲ್ಲಿ ಹಲ್ಲು ಕೆತ್ತುವುದನ್ನು ನೋಡಲು ಹೋದರೆ ಅತ್ತೆ-ಸೊಸೆ ಜುಟ್ಟು ಹಿಡಿದು ಹೊಡೆದಾಡುವುದನ್ನು ತಂದು ಮುಖಕ್ಕೆ ಹಿಡಿಯುತ್ತಿತ್ತು. ಥೂ.

ಈಗ ಹಲ್ಲಿನ ಲ್ಯಾಬ್ ಕೆಲಸದ ಚಾನೆಲ್‌ಗಳು, ಒಂದು ಹೊಲಿಗೆಯದು. ಮತ್ತೆ ತಮ್ಮನ 'ಅಮ್ಮನ ಜೊತೆ'. ಮರೆವಿನ ಕಾಯಿಲೆ ಶುರುವಾದ ಮೇಲೆ ಅಮ್ಮ ಅವನ ಮನೆಯಲ್ಲಿ. ಹಲ್ಲಿನ ಸೆಟ್ ಮಾಡುವ ನನ್ನ ಲ್ಯಾಬಿಗೆ ಓಡುವ ಮುಂಚೆ ಅದರಲ್ಲೇ ಅವಳ ಮುಖ ನೋಡಿಕೊಂಡು ಹೋಗುತ್ತೇನೆ.

ಮಾರ್ಚ್ 6

ಇವತ್ತಿನದು: 'ಅಮ್ಮ ನನ್ನನ್ನೇ ಯಾರು ಅಂದಾಗ!!' ಒತ್ತಿದರೆ, ವಿಡಿಯೊದ ಮುಖಚಿತ್ರದಲ್ಲಿ ಅಮ್ಮನ ಬಾಯಿಗೆ ಕೆಂಪು ಬಾಣ. ಬೊಚ್ಚು ಬಾಯಿ. ನಾನು ಕೈಯಾರೆ ಮಾಡಿಕೊಟ್ಟ ಹಲ್ಲಿನ ಸೆಟ್ ಎಲ್ಲಿ? ಊರಿಗೆಲ್ಲ ಹಲ್ಲು ಕಟ್ಟುವವಳ ತಾಯಿ ಹೀಗೆ... ಫೋನ್ ಮಾಡಿದೆ.

"ಹಲ್ಲು ಹಾಕಿದ್ರೆ ಅಮ್ಮ ಚೆನ್ನಾಗಿ ಕಾಣ್ತಾಳಲ್ಲ ಅಕ್ಕಾ. ಚೆನ್ನಾಗಿ ಕಂಡ್ರೆ ಯಾರು ಅಯ್ಯೋ ಅಂತಾರೆ?"

"ಹೆತ್ತವಳ ಮಾನ ಬೀದಿಗೆ ಹಾಕ್ತಿದ್ದೀಯಲ್ಲೋ, ನಾಚಿಕೆ ಆಗಲ್ವಾ?"

"ನೋಡ್ಕೊಳ್ತಿರೋನು ನಾನು. ನೀನು ನನ್ನ ಚಾನೆಲ್ ಸಬ್‌ಸ್ಕ್ರೈಬ್ ಕೂಡ ಮಾಡಿಲ್ಲ. ಯಾರೋ ಹೇಳಿದ್ದು ಕೇಳ್ಕೊಂಡು ಜಗಳಕ್ಕೆ ಬಂದ್ಬಿಡ್ತೀಯ."

ರೀಡರಿನಲ್ಲಿ ಸೇರಿಸಿಕೊಂಡರೆ ಅವನ ಲೆಕ್ಕಕ್ಕೆ ಬರುವುದಿಲ್ಲ. ಹೇಳಲಿಲ್ಲ. ಮೂರೂ ಬಿಟ್ಟವನ ಹತ್ತಿರ ಏನು ಮಾತು.

ಮಾರ್ಚ್ 19, ಮಧ್ಯಾಹ್ನ, ಲ್ಯಾಬ್

ಊಟದ ಡಬ್ಬಿ ತೆರೆದು, ಮನೆಯ ರೀಡರನ್ನೇ ಮೊಬೈಲಿನಲ್ಲಿ ತೆರೆದು ನೋಡಿದೆ. ತಮ್ಮನದು ಹೊಸದೊಂದು.

'ಅಕ್ಕ ಸತ್ತಳು ಅಂತ ಅಮ್ಮನಿಗೆ ಸುಳ್ಳು ಹೇಳಿದೆವು — ಅಮ್ಮನ ರಿಯಾಕ್ಷನ್ ನೋಡಿ!'

ಒತ್ತಿದೆ. ಕಪ್ಪು ಚೌಕ. ಈ ವಿಡಿಯೊ ಲಭ್ಯವಿಲ್ಲ. ಯಾರೋ ಉಗಿದಿರಬೇಕು, ತೆಗೆದಿದ್ದಾನೆ. ಆದರೆ ರೀಡರ್ ಒಮ್ಮೆ ತಂದ ಹೆಸರನ್ನು ಬಿಡುವುದಿಲ್ಲ. ಅವನಿಗೇನು ಗೊತ್ತು.

ಫೋನ್ ಮಾಡಿದರೆ, "ಯಾವ ವಿಡಿಯೊ? ಅಂಥದ್ದು ಯಾವುದೂ ಇಲ್ಲ. ಬೇಕಿದ್ರೆ ಚಾನೆಲ್ ನೋಡ್ಕೋ."

ಹೆಸರು ಪೂರ್ತಿ ಓದಿ ಹೇಳಿದೆ.

"ತಮಾಷೆಗೆ ಮಾಡಿದ್ದು ಅಕ್ಕಾ... ಆಮೇಲೆ ಸುಳ್ಳು ಅಂತ ಹೇಳಿದ್ವಿ. ಅವಳಿಗೆ ಇಷ್ಟೊತ್ತಿಗೆ ಮರ್ತೂ ಹೋಗಿರುತ್ತೆ ಬಿಡು."

ಡಬ್ಬಿ ಮುಚ್ಚಿದೆ. ಲ್ಯಾಬಿನ ಯಜಮಾನರಿಗೆ ಹೇಳಿ ತಮ್ಮನ ಮನೆಗೆ ಹೊರಡುತ್ತಿದ್ದೇನೆ.

ಅದೇ ದಿನ, ಸಂಜೆ

ಅಮ್ಮ ಮರೆತಿಲ್ಲ. ಸುಳ್ಳು ಅಂದದ್ದನ್ನು ಮರೆತಿದ್ದಾಳೆ. ನಾನು ಸತ್ತದ್ದನ್ನು ಇಟ್ಟುಕೊಂಡಿದ್ದಾಳೆ.

ನನ್ನ ಕೈ ಹಿಡಿದು, "ಯಾರ ಮನೆಯವಳಮ್ಮ ನೀನು? ನಮ್ಮ ಪುಟ್ಟಿ ಹೋಗ್ಬಿಟ್ಳು. ನಂಗೆ ಮುಖಾನೂ ತೋರಿಸ್ಲಿಲ್ಲ ಇವ್ರು."

"ಅಮ್ಮಾ, ನಾನೇ ಪುಟ್ಟಿ."

"ಅಳ್ಬೇಡ. ನಿಂಗೂ ಗೊತ್ತಿದ್ಳಾ ಅವಳು?"

ತಮ್ಮನ ಹೆಂಡತಿ ಬಾಗಿಲ ಹತ್ತಿರ ಮೊಬೈಲ್ ಎತ್ತಿ ಹಿಡಿದು ನಿಂತಿದ್ದಳು. ಇದನ್ನೂ ತೆಗೆಯುತ್ತಿದ್ದಾಳೆ! ಕಿತ್ತು ಸೋಫಾ ಮೇಲೆ ಎಸೆದೆ. ಅಮ್ಮನ ಬಟ್ಟೆ ತುಂಬಿಕೊಂಡೆ. ಹಲ್ಲಿನ ಸೆಟ್ ಸಿಕ್ಕಿದ್ದು ಕಿಟಕಿ ಕಟ್ಟೆಯ ಮೇಲೆ, ಟ್ರೈಪಾಡ್ ಪಕ್ಕ. ನೀರಿನಲ್ಲೂ ಹಾಕಿಟ್ಟಿರಲಿಲ್ಲ, ದರಿದ್ರದವರು. ಅಮ್ಮನನ್ನು ನನ್ನ ಮನೆಗೆ ಕರೆದುಕೊಂಡು ಬಂದೆ.

ಏಪ್ರಿಲ್ 2

ಒಣಗಿದ ಸೆಟ್ ಸೊಟ್ಟಗಾಗಿತ್ತು. ಹೊಸ ಅಚ್ಚು ತೆಗೆದು ಬೇರೆ ಮಾಡಿದೆ. ಇವತ್ತು ಬ್ರೆಡ್ಡು ಅಗಿದು ತಿಂದಳು. ನನಗೆ 'ನರ್ಸಮ್ಮ' ಅನ್ನುತ್ತಾಳೆ. ಅನ್ನಲಿ.

ರೀಡರಿನಲ್ಲಿ ತಮ್ಮನದು ಹೊಸದು: 'ಅಮ್ಮನನ್ನು ಕಿತ್ತುಕೊಂಡು ಹೋದಳು ಅಕ್ಕ — ಅಳು ತಡೆಯಲಾಗಲಿಲ್ಲ'. ಥೂ, ಇವನ ಜನ್ಮಕ್ಕಿಷ್ಟು! ಇನ್ನು ಅಲ್ಲಿ ನಾನು ನೋಡಬೇಕಾದ ಮುಖ ಯಾವುದೂ ಇಲ್ಲ. ಚಾನೆಲ್ ಕಿತ್ತುಹಾಕಿದೆ. ಹಳೆಯ ಹೆಸರುಗಳನ್ನೂ ಅಳಿಸಲೇ ಅಂತ ಕೇಳಿತು. ಹೂಂ ಅಂತ ಒತ್ತಿದೆ. ಎಲ್ಲ ಹೋಯಿತು, ನಾನು ಸತ್ತದ್ದೂ ಸೇರಿ.

ಇಲ್ಲಿಂದ ಹೋಯಿತು, ಅಮ್ಮನ ತಲೆಯಿಂದಲ್ಲ. ಒಳಗೆ ಅಮ್ಮ "ಪುಟ್ಟೀ... ಪುಟ್ಟೀ..." ಅನ್ನುತ್ತಿದ್ದಾಳೆ. ನನ್ನನ್ನು ಕರೆಯುತ್ತಿದ್ದಾಳೋ, ಸತ್ತವಳಿಗಾಗಿ ಅಳುತ್ತಿದ್ದಾಳೋ... ಹೋಗಿ ನೋಡುತ್ತೇನೆ.